ಬೀಗ ಹಾಕಿದ ಸ್ಟೂಲು

ಹಾಸಿಗೆಯಲ್ಲಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುವುದು ಅಷ್ಟು ದೊಡ್ಡ ಕೆಲಸವೆಂದು ಬುಗುರಿಗೆ ಇಪ್ಪತ್ತೆಂಟು ವರ್ಷ ಗೊತ್ತೇ ಇರಲಿಲ್ಲ. ಏಳನೇ ತಿಂಗಳಿಗೆ ಬಿದ್ದ ಮೇಲೆ ಗೊತ್ತಾಯಿತು. ಮೊದಲು ಎರಡು ಮಂಡಿಯನ್ನೂ ಜೋಡಿಸಬೇಕು, ಮಂಚದ ಅಂಚು ಹಿಡಿಯಬೇಕು, ಆಮೇಲೆ ಭುಜ, ಸೊಂಟ, ಕಾಲು ಎಲ್ಲ ಒಟ್ಟಿಗೇ ತಿರುಗಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊಟ್ಟೆಯ ಕೆಳಗೆ, ಮೂಳೆ ಎರಡೂ ಬಂದು ಕೂಡುವ ಕಡೆ, ಹಿಗ್ಗಿ ಸಿಕ್ಕಿಕೊಂಡ ಬಾಗಿಲನ್ನು ಯಾರೋ ಜಗ್ಗಿ ತೆಗೆದ ಹಾಗಾಗುತ್ತಿತ್ತು. ಅಲ್ಲಿಂದ ಹೊರಟ ನೋವು ಬೆನ್ನಿನ ಬುಡಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಬೀಡುಬಿಟ್ಟು, ತೊಡೆಗೆ ಇಳಿಯುತ್ತಿತ್ತು. ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ಸೀನು ಬಂದರೆ ಗೋಡೆ ಹುಡುಕಬೇಕು.

ಬುಗುರಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೈಂಡಿಂಗ್ ಅಂಗಡಿಯಲ್ಲಿ ಬಿದ್ದದ್ದು. ಅಚ್ಚಾಗಿ ಮಡಿಚಿ ಬಂದ ಹಾಳೆಗೆ ಅಲ್ಲಿ ಫಾರಂ ಅನ್ನುತ್ತಾರೆ, ಹದಿನಾರು ಪುಟಕ್ಕೆ ಒಂದು ಫಾರಂ. ಉದ್ದನೆಯ ಮೇಜಿನ ಈಚೆಗೆ ಹತ್ತು ಗುಡ್ಡೆ, ಆಚೆಗೆ ಹತ್ತು ಗುಡ್ಡೆ. ಮೊದಲ ಗುಡ್ಡೆಯಿಂದ ಒಂದು ಫಾರಂ ಎತ್ತಿ, ಎರಡನೆಯದನ್ನು ಅದರ ಕೆಳಗೆ ಸೇರಿಸಿ, ಹಾಗೇ ನಡೆಯುತ್ತಾ ಮೂಲೆ ತಿರುಗಿ, ಆಚೆ ಬದಿಯ ಇಪ್ಪತ್ತನೆಯದನ್ನು ಎತ್ತಿದರೆ ಒಂದು ಪುಸ್ತಕ. ಕೊನೆಯ ಫಾರಂನ ಅಂಚಿಗೆ ಪೆನ್ಸಿಲ್ಲಿನಲ್ಲಿ ನಿಮ್ಮ ಗುರುತು ಹಾಕಿ ಇಡುವುದು, ಮತ್ತೆ ಮೊದಲ ಗುಡ್ಡೆಗೆ ಬರುವುದು. ಐದು ಹೆಂಗಸರು ಬೆಳಗಿನಿಂದ ಸಂಜೆತನಕ ಒಬ್ಬರ ಹಿಂದೊಬ್ಬರು ಹೀಗೆ ಸುತ್ತುತ್ತಾರೆ. ಇವಳು ಸುತ್ತುವ ವೇಗ ನೋಡಿ ಯಾರೋ ಬುಗುರಿ ಅಂದರು, ಅದೇ ಅಂಟಿಕೊಂಡಿತು. ಸಾಲಿನ ಮುಂದೆ ನಡೆಯುವ ಜಾಗ ಅವಳದು. ಆ ಜಾಗದ ಬಗ್ಗೆ ಅವಳಿಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಆ ಮೇಜಿನ ಮೇಸ್ತ್ರಿಯೇ ಅವಳ ಅತ್ತೆ. ಅಂಗಡಿಯಲ್ಲಿ ಎಲ್ಲರೂ ಮೇಸ್ತ್ರಮ್ಮ ಅನ್ನುತ್ತಿದ್ದರು, ಬುಗುರಿಯೂ ಅಲ್ಲಿ ಮೇಸ್ತ್ರಮ್ಮ ಅಂತಲೇ ಕರೆಯಬೇಕು. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಈ ಕಟ್ಟಳೆ ಹಾಕಿದ್ದಳು: ಮನೆಯ ಮಾತು ಅಂಗಡಿಯ ಹೊಸ್ತಿಲು ದಾಟಬಾರದು, ಅಂಗಡಿಯ ಮಾತು ಮನೆಯ ಹೊಸ್ತಿಲು ದಾಟಬಾರದು. ಹಾಗಾಗಿ ಬುಗುರಿಗೆ ಇಬ್ಬರು ಅತ್ತೆಯರು. ಮನೆಯ ಅತ್ತೆ ಬಿಸಿನೀರಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಸೊಸೆಯ ಬೆನ್ನಿಗೆ ಒತ್ತಿಡುತ್ತಿದ್ದಳು, ಅವಳ ಮಂಡಿಗಳ ನಡುವೆ ತಾನೇ ದಿಂಬು ತೂರಿಸುತ್ತಿದ್ದಳು, ನೆಲಕ್ಕೆ ಬಿದ್ದ ಚಮಚವನ್ನೂ ಬಗ್ಗಿ ಎತ್ತಲು ಬಿಡುತ್ತಿರಲಿಲ್ಲ. ಅಂಗಡಿಯ ಅತ್ತೆ ಗಡಿಯಾರ ನೋಡಿ, "ಏನಮ್ಮಾ, ಕಾಲಿಗೆ ಮೊಳೆ ಹೊಡ್ಕೊಂಡಿದೀಯಾ? ಮುಂದಿರೋಳೇ ನಿಂತ್ರೆ ಹಿಂದಿರೋರು ಏನ್ ಮಾಡ್ಬೇಕು?" ಅನ್ನುತ್ತಿದ್ದಳು. ಇಬ್ಬರ ಮುಖವೂ ಒಂದೇ, ಕನ್ನಡಕವೂ ಒಂದೇ.

ಆ ಹಾಲ್‌ನಲ್ಲಿ ಕುರ್ಚಿ ಅನ್ನುವುದೇ ಇರಲಿಲ್ಲ. ಮೇಜಿನ ಹತ್ತಿರ ಯಾರೂ ಕೂರುವ ಹಾಗಿಲ್ಲ. ಅದು ಅಂಗಡಿಯ ಯಜಮಾನರೇ ಹಾಕಿದ ಕಾನೂನು ಎಂದು ಎಲ್ಲರೂ ನಂಬಿದ್ದರು. ಇನ್ನೊಂದು ಕಾನೂನೂ ಇತ್ತು. ಒಮ್ಮೆ ಮೇಜು ಬಿಟ್ಟು ಮನೆಗೆ ಹೋದವರು ತಿರುಗಿ ಬಂದರೆ ಗೋಂದಿನ ಡಬ್ಬಿಯಿಂದ ಶುರು ಮಾಡಬೇಕು. ಹಾಲ್‌ನ ಒಂದು ಹೊಗೆಹತ್ತಿದ ಮೂಲೆಯಲ್ಲಿ ಗೋಂದು ಕಾಯಿಸಿ ಪುಸ್ತಕದ ಬೆನ್ನಿಗೆ ಬಳಿಯುತ್ತಾ ಗೋಂದಕ್ಕ ಅಂತ ಒಬ್ಬಳಿದ್ದಳು. ಒಂಬತ್ತು ವರ್ಷದ ಹಿಂದೆ ಮೇಜಿನ ಮುಂದಿನ ಜಾಗ ಅವಳದೇ ಆಗಿತ್ತು. ಎಂಟನೇ ತಿಂಗಳಲ್ಲಿ ಕೂರಲು ಏನಾದರೂ ಕೊಡಿ ಎಂದು ಕೇಳಿದಳಂತೆ, ಕೊಡಲಿಲ್ಲವಂತೆ, ಮನೆಗೆ ಹೋದಳಂತೆ. ಮಗು ಹೆತ್ತು ಬಂದಾಗ ಅವಳ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಗಿರ್ರನೆ ಸುತ್ತುತ್ತಿದ್ದಳು. ಆ ಹೊಸ ಹುಡುಗಿಯೇ ಬುಗುರಿ. ಗೋಂದಕ್ಕ ಇವಳ ಜೊತೆ ಜಗಳವಾಡಿದ್ದೂ ಇಲ್ಲ, ಮಾತಾಡಿದ್ದೂ ಇಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಸುತ್ತಿಬಳಸಿ ಮಾತಾಡುವವಳಲ್ಲ. ಬುಗುರಿಯನ್ನು ನಡೆಸಿದಳು, ಮಲಗಿಸಿದಳು, ಅಲ್ಲಿ ಇಲ್ಲಿ ಒತ್ತಿ ನೋಡಿದಳು. "ಮಗೂಗೆ ಏನೂ ತೊಂದ್ರೆ ಇಲ್ಲ. ಸೊಂಟದ ಕೀಲುಗಳು ಸಡಿಲ ಆಗಿವೆ, ಒಂದು ಕಡೆ ಭಾರ ಬಿದ್ರೆ ಎಳೆಯುತ್ತೆ. ಒಂಟಿ ಕಾಲಲ್ಲಿ ನಿಲ್ಬೇಡಿ. ಕೂತ್ಕೊಂಡೇ ಬಟ್ಟೆ ಹಾಕ್ಕೊಳ್ಳಿ. ಮೆಟ್ಲು ಒಂದೊಂದೇ ಹತ್ತಿ. ತಿರುಗೋವಾಗ ಕಾಲು ಊರಿ ಸೊಂಟ ತಿರುಚ್ಬೇಡಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ತಿರುಗಿ. ಸೊಂಟಕ್ಕೆ ಈ ಪಟ್ಟಿ ಕಟ್ಕೊಳ್ಳಿ. ನಿಂತು ಮಾಡೋ ಕೆಲಸಾನ ಕೂತು ಮಾಡಿ."

"ನಮ್ಮಲ್ಲಿ ಕೂರಕ್ಕೆ ಬಿಡಲ್ಲ ಮೇಡಂ. ಎಲ್ಲರೂ ಸಹಿಸ್ಕೊಂಡೇ ಇದ್ರು ಅಂತಾರೆ."

"ಈ ನೋವು ಬಹಳ ಜನಕ್ಕೆ ಬರುತ್ತೆ, ನಿಜ. ಬಹಳ ಜನಕ್ಕೆ ಬರುತ್ತೆ ಅಂದ್ಬಿಟ್ಟು ಹಲ್ಲು ಕಚ್ಕೊಂಡು ಇರ್ಬೇಕು ಅಂತ ಯಾವ ಪುಸ್ತಕದಲ್ಲಿದೆ? ನೀವೇ ಪುಸ್ತಕ ಕಟ್ಟೋರು, ಸಿಕ್ರೆ ನಂಗೂ ತೋರ್ಸಿ."

ಬುಗುರಿ ನಕ್ಕಳು, ನಕ್ಕದ್ದಕ್ಕೂ ನೋವಾಯಿತು. ಆದರೂ ಮರುದಿನ ಅವಳು ಕೂರಲು ಕೇಳಲಿಲ್ಲ. ಕೇಳಿದರೆ ಗೋಂದಿನ ಡಬ್ಬಿ ಎಂದು ಗೊತ್ತಿತ್ತು. ಪಟ್ಟಿ ಬಿಗಿದುಕೊಂಡು ಮೇಜು ಸುತ್ತಿದಳು. ನೇರವಾಗಿ ನಡೆಯುವುದು ಹೇಗೋ ಆಗುತ್ತಿತ್ತು, ಆಗದೆ ಇದ್ದದ್ದು ಮೂಲೆ ತಿರುಗುವುದು. ಚಿಕ್ಕ ಹೆಜ್ಜೆ ಇಟ್ಟು ತಿರುಗಿದರೆ ಹಿಂದಿನವಳು ಬಂದು ಡಿಕ್ಕಿ ಹೊಡೆಯುತ್ತಿದ್ದಳು. ಆಗ ಅವಳು ಆ ಮೇಜಿನವರಿಗೆ ಮಾತ್ರ ಹೊಳೆಯುವಂಥ ಒಂದು ಕಳ್ಳದಾರಿ ಹಿಡಿದಳು. ಹತ್ತನೆಯ ಫಾರಂ ಎತ್ತಿದ ಮೇಲೆ ಮೂಲೆಗೆ ಹೋಗದೆ, ನಿಂತಲ್ಲಿಂದಲೇ ಮೇಜಿನ ಮೇಲೆ ಕೈ ಚಾಚಿ ಎದುರುಗಡೆಯ ಹನ್ನೊಂದನ್ನು ಎತ್ತುವುದು, ಹಿಂದಿನವಳಿಗೆ ದಾರಿ ಬಿಟ್ಟು ನೋವು ಇಳಿಯುವಷ್ಟು ಹೊತ್ತು ಅಂಚಿಗೆ ಒರಗಿ, ಆಮೇಲೆ ಮೆಲ್ಲಗೆ ಸುತ್ತಿ ಹನ್ನೆರಡಕ್ಕೆ ಹೋಗುವುದು.

ಮೇಜಿನ ಅಂಚಿಗೂ ಅವಳಿಗೂ ನಡುವೆ ಈಗ ಹೊಟ್ಟೆ ಇತ್ತು ಅನ್ನುವುದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೇರಕ್ಕೆ ಕೈ ಎಟುಕದೆ, ಓರೆಯಾಗಿ ಚಾಚಿದ ಕೈ ಪಕ್ಕದ ಗುಡ್ಡೆಗೆ ಬೀಳುತ್ತಿತ್ತು. ಹನ್ನೊಂದರ ಬದಲು ಹನ್ನೆರಡು ಬಂತು, ಸುತ್ತಿ ಹೋಗಿ ಮತ್ತೆ ಹನ್ನೆರಡು ಎತ್ತಿದಳು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಮ್ಮ ಜೋಡಿಸಿಟ್ಟ ಪುಸ್ತಕಗಳ ಗುಡ್ಡೆಯ ಮುಂದೆ ನಿಂತು ಬೆರಳಾಡಿಸಿದಳು. ಪ್ರತಿ ಫಾರಂನ ಬೆನ್ನಿಗೂ ಒಂದು ಕಪ್ಪು ಗೆರೆ ಇರುತ್ತದೆ, ಒಂದಕ್ಕಿಂತ ಇನ್ನೊಂದು ಸ್ವಲ್ಪ ಕೆಳಗೆ. ಪುಸ್ತಕ ಸರಿಯಾಗಿ ಜೋಡಿಸಿದ್ದರೆ ಆ ಗೆರೆಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಅರವತ್ತು ಪುಸ್ತಕದಲ್ಲಿ ಒಂದು ಮೆಟ್ಟಿಲು ಮುರಿದಿತ್ತು. ಅರವತ್ತರ ಕೊನೆಯ ಅಂಚಿನಲ್ಲೂ ಬುಗುರಿಯ ಪುಟ್ಟ ಸೊನ್ನೆ ಗುರುತು.

"ಒಂಬತ್ತು ವರ್ಷದಲ್ಲಿ ಒಂದು ತಪ್ಪಿಲ್ಲ ನಿಂದು," ಅಂದಳು ಮೇಸ್ತ್ರಮ್ಮ. ಬೈದಿದ್ದರೆ ಚೆನ್ನಾಗಿತ್ತು, ಮೆಲ್ಲಗೆ ಅಂದಳು. "ಸಾಕು. ನಾಳೆಯಿಂದ ಮನೇಲಿರು. ಹೆತ್ತು ಬಾ, ಆಮೇಲೆ ನೋಡೋಣ."

"ಆಮೇಲೆ ಏನು ನೋಡೋದು ಮೇಸ್ತ್ರಮ್ಮ? ಗೋಂದಾ?"

"ಎಲ್ಲರಿಗೂ ಒಂದೇ ಕಾನೂನು."

ಬುಗುರಿ ಗೋಂದಿನ ಮೂಲೆಯ ಕಡೆ ನೋಡಿದಳು. ಗೋಂದಕ್ಕ ಕುಂಚ ಡಬ್ಬಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಮೇಜಿನ ಮುಂದಿನ ಜಾಗ ತನ್ನ ಸ್ವಂತ ಜಾಗ ಎಂದು ಇಷ್ಟು ವರ್ಷ ಮೆರೆದದ್ದು ಬುಗುರಿಗೆ ಆಗ ಮೊದಲ ಸಲ ಚುಚ್ಚಿತು. ತಪ್ಪು ತನ್ನದು, ಅದನ್ನು ಅವಳು ಒಪ್ಪಿಕೊಂಡಳು. ಅರವತ್ತು ಪುಸ್ತಕವನ್ನೂ ಬಿಚ್ಚಿ ತಾನೇ ಸರಿ ಮಾಡಿದಳು. ಆದರೆ ಮನೆಯಲ್ಲಿರು ಅನ್ನುವ ಮಾತನ್ನು ಮಾತ್ರ ಜಪ್ಪಯ್ಯ ಅಂದರೂ ಒಪ್ಪಿಕೊಳ್ಳುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದಳು.

ಮರುದಿನ ಬೆಳಿಗ್ಗೆ ಅವಳ ಗಂಡ ಸೈಕಲ್ಲಿನ ಹಿಂದೆ ಒಂದು ಮರದ ಸ್ಟೂಲು ಕಟ್ಟಿಕೊಂಡು ಬಂದು ಅಂಗಡಿಯ ಬಾಗಿಲಲ್ಲಿ ಇಳಿಸಿ, ಅಮ್ಮನ ಕಣ್ಣಿಗೆ ಬೀಳುವ ಮೊದಲೇ ಪೇರಿ ಕಿತ್ತ. ಅವನಿಗೆ ಸೈಕಲ್ ರಿಪೇರಿಯ ಅಂಗಡಿ ಇತ್ತು, ಅಮ್ಮ ಹೆಂಡತಿ ಇಬ್ಬರ ನಡುವೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಅಭ್ಯಾಸವೂ ಇತ್ತು. ಬುಗುರಿ ಸ್ಟೂಲನ್ನು ಮೇಜಿನ ಆ ಕೊನೆಗೆ, ಮೂಲೆಗೆ ಸರಿಯಾಗಿ ಹಾಕಿಕೊಂಡು ಕೂತಳು. ಮೇಸ್ತ್ರಮ್ಮ ಬಂದಳು, ನೋಡಿದಳು. ಬುಗುರಿ ನೀರು ಕುಡಿಯಲು ಎದ್ದು ಹೋಗಿ ಬರುವುದರೊಳಗೆ ಸ್ಟೂಲು ಬಾಗಿಲಾಚೆ ಇತ್ತು.

ಆ ಸಂಜೆ ಮನೆಯಲ್ಲಿ ಅತ್ತೆ ಎಂದಿನಂತೆ ಬಿಸಿನೀರಿನ ಚೀಲ ತಂದಳು. ಬೆನ್ನಿಗೆ ಒತ್ತುತ್ತಾ, "ಇಲ್ಲಿ ನೋವಾ? ಇನ್ನೂ ಕೆಳಗಾ?" ಎಂದು ಕೇಳಿದಳು. ಸ್ಟೂಲಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಕಟ್ಟಳೆ ಅಂದರೆ ಕಟ್ಟಳೆ. ಅಡಿಗೆಮನೆಯಿಂದ ಇಣುಕಿದ ಗಂಡ, ಮನೆಯಲ್ಲಿ ಇಷ್ಟು ಶಾಂತಿ ಇದ್ದರೆ ಏನೋ ಎಡವಟ್ಟಾಗಿದೆ ಎಂದುಕೊಂಡು ಹಾಗೇ ಒಳಗೆ ಹೋದ.

ಎರಡನೇ ದಿನವೂ ಸ್ಟೂಲು ಒಳಗೆ ಬಂತು, ಹೊರಗೆ ಹೋಯಿತು. ಮೂರನೇ ದಿನ ಬುಗುರಿ ಗಂಡನ ಅಂಗಡಿಯಿಂದ ಒಂದು ಸೈಕಲ್ ಸರಪಳಿ, ಒಂದು ಬೀಗ ತಂದಳು. ಸ್ಟೂಲಿನ ಕಾಲಿಗೂ ಮೇಜಿನ ಕಾಲಿಗೂ ಸರಪಳಿ ಸುತ್ತಿ ಬೀಗ ಜಡಿದು, ಕೀಲಿಕೈಯನ್ನು ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಳು.

"ಇದೇನು ಹುಚ್ಚಾಟ?" ಮೇಸ್ತ್ರಮ್ಮ ಸ್ಟೂಲು ಜಗ್ಗಿದಳು, ಮೇಜೂ ಒಂದು ಗೇಣು ಜರುಗಿತು. ಗುಡ್ಡೆಗಳು ವಾಲಿದವು. ಹೆಂಗಸರು ಓಡಿಬಂದು ಹಿಡಿದುಕೊಂಡರು.

"ಹುಚ್ಚಾಟ ಅಲ್ಲ. ಕೂತು ಜೋಡಿಸ್ತೀನಿ. ಈ ಬದಿಯೋರು ಎಂಟರ ತನಕ ಎತ್ಕೊಂಡು ಬಂದು ನನ್ ಕೈಗೆ ಕೊಡ್ಲಿ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ನನ್ ಕೈಗೆಟುಕೋ ಹಾಗೆ ಮೂಲೆ ಸುತ್ತ ಇಟ್ಕೋತೀನಿ, ಸೇರ್ಸಿ ಆ ಬದಿಯೋರಿಗೆ ಕೊಡ್ತೀನಿ. ಯಾರೂ ಈ ಮೂಲೆ ತಿರುಗ್ಬೇಕಾಗಿಲ್ಲ."

"ಹಾಗಾದ್ರೆ ಅದು ಯಾರ ಪುಸ್ತಕ? ತಪ್ಪಾದ್ರೆ ಯಾರನ್ನ ಕೇಳ್ಲಿ?"

"ಎಂಟರ ಮೇಲೆ ಅವರ ಗುರುತು, ಹನ್ನೆರಡರ ಮೇಲೆ ನನ್ ಗುರುತು, ಇಪ್ಪತ್ತರ ಮೇಲೆ ಅವರ ಗುರುತು. ನನ್ ಪಾಲಿನ ತಪ್ಪಿಗೆ ನನ್ನನ್ನೇ ಕೇಳಿ. ಮೊನ್ನೆ ಕೇಳಿದ್ರಲ್ಲಾ, ಇಲ್ಲ ಅಂದ್ನಾ?"

ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಆ ಮೂಲೆ ಅವರಿಗೂ ಇಷ್ಟವಿರಲಿಲ್ಲ. ಆದರೆ ಬಾಯಿ ತೆರೆದದ್ದು ಯಾರೂ ನಿರೀಕ್ಷಿಸದೆ ಇದ್ದವಳು. ಗೋಂದಿನ ಮೂಲೆಯಿಂದ ದನಿ ಬಂತು, "ಅವಳಿಗೆ ಸ್ಟೂಲಾ? ಯಾಕೆ, ಮೇಸ್ತ್ರಮ್ಮನ ಸೊಸೆ ಅಂತಾನಾ?"

ಬುಗುರಿ ತಿರುಗಲು ಹೋಗಿ, ಸೊಂಟ ತಿರುಚಬಾರದೆಂದು ನೆನಪಾಗಿ, ಇಡೀ ಮೈಯನ್ನು ತಿರುಗಿಸಿದಳು. "ಇಲ್ಲ ಗೋಂದಕ್ಕ. ಕೊಡ್ಲಿಲ್ಲ ಯಾರೂ. ನಾನೇ ತಂದಿದ್ದು."

"ನಂಗೂ ಸೊಂಟ ಇತ್ತು. ನನ್ ಹೊಟ್ಟೇಲೂ ಮಗು ಇತ್ತು. ಆಗ ಈ ಹಾಲ್‌ನಲ್ಲಿ ಸ್ಟೂಲಿರ್ಲಿಲ್ಲ."

"ನೋಡಿದ್ಯಾ?" ಮೇಸ್ತ್ರಮ್ಮ ಸೊಸೆಯತ್ತ ತಿರುಗಿದಳು. "ಅವಳಿಗೆ ಇಲ್ಲ ಅಂದು ನಿಂಗೆ ಹೂಂ ಅಂದ್ರೆ ನನ್ ಮುಖಕ್ಕೆ ಉಗೀತಾರೆ."

"ಒಂದ್ಸಲ ಇಲ್ಲ ಅಂದಿದ್ದಕ್ಕೆ ಇನ್ ಮುಂದೆ ಬರೋ ಬಸುರಿಯರೆಲ್ಲಾ ನಿಲ್ಬೇಕಾ ಅತ್ತೆ?"

ಅತ್ತೆ ಎಂಬ ಮಾತು ಆ ಹಾಲ್‌ನಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ. ಬುಗುರಿ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಇನ್ನೂ ಜೋರಾಗಿ ಅಂದಳು. "ಮನೇಲಿ ನನ್ ಬೆನ್ನಿಗೆ ಬಿಸಿ ಚೀಲ ಒತ್ತೋದು ನೀವೇ, ಇಲ್ಲಿ ಬಂದು ಸ್ಟೂಲು ಎಳೆಯೋದೂ ನೀವೇ. ನನ್ ಸೊಂಟ ಏನು ಹೊಸ್ತಿಲಾಚೆ ಬಿಟ್ಟು ಬರ್ತೀನಾ? ಅಲ್ಲಿ ಇರೋ ನೋವು ಇಲ್ಲಿ ಇಲ್ವಾ?"

ಮೇಜು ಜರುಗಿದ ಸದ್ದಿಗೋ ಏನೋ, ಅಷ್ಟರಲ್ಲಿ ಯಜಮಾನರು ಒಳಗಿನ ಕೋಣೆಯಿಂದ ಚಹಾದ ಲೋಟ ಹಿಡಿದೇ ಬಂದರು. ಬೀಗ ನೋಡಿದರು, ಸರಪಳಿ ನೋಡಿದರು, ಹೊಟ್ಟೆ ನೋಡಿದರು. ಮೇಸ್ತ್ರಮ್ಮ ಏನೋ ಹೇಳಲು ಹೊರಟಳು, ಬುಗುರಿ ಬಿಡಲಿಲ್ಲ.

"ಯಜಮಾನ್ರೇ, ಕೂತು ಕೆಲಸ ಮಾಡ್ತೀನಿ ಅಂತಿದೀನಿ. ಮನೆಗೆ ಹೋಗಲ್ಲ. ನಿಮ್ ಕಾನೂನು ಬದಲಾಯ್ಸಿ."

"ನನ್ ಕಾನೂನಾ?" ಯಜಮಾನರು ಹುಬ್ಬೇರಿಸಿದರು. "ಪುಸ್ತಕ ಗುರುವಾರಕ್ಕೆ ಬೇಕು, ಅದೊಂದೇ ನನ್ ಕಾನೂನು. ಕೂತಾದ್ರೂ ಮಾಡಿ, ತಲೆಕೆಳಗಾಗಿ ನೇತಾಡ್ಕೊಂಡಾದ್ರೂ ಮಾಡಿ. ಕೂರ್ಬಾರ್ದು ಅಂತ ನಾನ್ಯಾವತ್ತು ಅಂದೆ? ಮೇಜಿನ ವಿಷ್ಯ ಎಲ್ಲಾ ಮೇಸ್ತ್ರಮ್ಮಂದೇ." ಲೋಟದ ತಳದ ಚಹಾ ಕುಡಿದು, ಮೇಜನ್ನು ಜಾಗಕ್ಕೆ ತಳ್ಳಲು ಹೇಳಿ, ಅವರು ಒಳಗೆ ಹೋದರು.

ಗೋಂದಕ್ಕ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಅಡ್ಡ ಇಟ್ಟು, ಕೈಯನ್ನು ಚಿಂದಿಯಲ್ಲಿ ಒರೆಸಿಕೊಳ್ಳುತ್ತಾ ಮೇಜಿನ ಹತ್ತಿರ ಬಂದಳು. ಒಂಬತ್ತು ವರ್ಷದಲ್ಲಿ ಅವಳು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

"ಅವತ್ತು ನೀವಂದ್ರಿ, ಯಜಮಾನ್ರು ಒಪ್ಪಲ್ಲ, ನಾನೇನ್ ಮಾಡ್ಲಿ ಅಂತ. ಕೈ ಹಿಡ್ಕೊಂಡು ಅಂದ್ರಿ. ನಾನು ಇಷ್ಟು ವರ್ಷ ಆ ಮನುಷ್ಯನ್ನ ಬೈಕೊಂಡಿದೀನಿ."

ಮೇಸ್ತ್ರಮ್ಮ ಕನ್ನಡಕ ತೆಗೆದಳು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು. ಬುಗುರಿಗೆ ಅವಳ ಮೇಲೆ ಸಿಟ್ಟೂ ಬಂತು, ಆ ಬರಿಗಣ್ಣಿನ ಮುಖ ನೋಡಿ ಪಾಪ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೇ ಆದವು.

"ನಾನು ನಿಂತಿದ್ದೆ," ಅಂದಳು ಮೇಸ್ತ್ರಮ್ಮ. "ಎರಡು ಹೆರಿಗೆಗೂ ನಿಂತಿದ್ದೆ. ಎರಡನೇದಕ್ಕೆ ಹೀಗೇ ಆಗಿತ್ತು ನಂಗೂ, ಈ ಮೂಲೆ ತಿರುಗೋವಾಗ ಕಣ್ಣಿಗೆ ಕತ್ತಲೆ ಬರ್ತಿತ್ತು. ಯಾರೂ ಕೂತ್ಕೋ ಅನ್ಲಿಲ್ಲ. ಮೇಸ್ತ್ರಿ ಆದ್ಮೇಲೆ ನೀನು ಬಂದು ಕೇಳ್ದೆ. ನಂಗೆ ಕೊಡ್ದೇ ಇದ್ದಿದ್ದನ್ನ ಇವಳು ಕೇಳ್ತಾಳಲ್ಲ ಅಂತ..." ಅಲ್ಲಿಗೆ ನಿಲ್ಲಿಸಿದಳು. ಯಾರೂ ಅವಳಿಗೆ ಮಾತು ಮುಗಿಸಲು ನೆರವಾಗಲಿಲ್ಲ. ಅವಳೇ ಮುಗಿಸಿದಳು. "ಹೊಟ್ಟೆಕಿಚ್ಚಾಯ್ತು. ಅದಕ್ಕೆ ಇಲ್ಲ ಅಂದೆ. ಯಜಮಾನ್ರ ಹೆಸ್ರು ಹೇಳ್ದೆ. ತಪ್ಪು ನಂದು."

ಗೋಂದಕ್ಕ ಅಳಲಿಲ್ಲ, ಆಯಿತು ಬಿಡಿ ಅನ್ನಲಿಲ್ಲ. ಬುಗುರಿಯ ಕಡೆ ತಿರುಗಿ, "ಏಳು," ಅಂದಳು.

ಬುಗುರಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೂರು ದಿನ ಹೋರಾಡಿ ಗಳಿಸಿದ ಸ್ಟೂಲು, ಈಗ ತಾನೇ ಗೆದ್ದದ್ದು. ಇಲ್ಲ ಅನ್ನಲು ಅವಳಿಗೆ ಬಾಯಿ ಇತ್ತು, ಅವತ್ತು ಆ ಬಾಯಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅವಳು ಮೇಜಿನ ಅಂಚು ಹಿಡಿದು, ಎರಡೂ ಮಂಡಿ ಜೋಡಿಸಿ, ಮೆಲ್ಲಗೆ ಎದ್ದಳು. ನೋವು ಮುಂದಿನ ಕೀಲಿನಿಂದ ಬೆನ್ನಿಗೆ ಹೋಯಿತು.

ಗೋಂದಕ್ಕ ಸ್ಟೂಲಿನ ಮೇಲೆ ಕೂತಳು. ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ ಊರಿ, ಗೋಂದು ಮೆತ್ತಿದ ಕೈಗಳನ್ನು ಖಾಲಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಳು. ಏನೂ ಮಾಡಲಿಲ್ಲ. ಒಂದು ಫಾರಂ ಮುಟ್ಟಲಿಲ್ಲ. ಸುಮ್ಮನೆ ಎದುರಿನ ಗೋಡೆ ನೋಡುತ್ತಾ ಕೂತಳು. ಮೇಸ್ತ್ರಮ್ಮ ಎರಡು ಹೆಜ್ಜೆ ಮುಂದೆ ಬಂದು ಸೊಸೆಯ ಮೊಣಕೈಗೆ ಕೈ ಕೊಟ್ಟಳು. ಬುಗುರಿ ಆ ಕೈಯ ಮೇಲೆ ಭಾರ ಹಾಕಿದಳು. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು, ಹತ್ತಾಯಿತು. ಬುಗುರಿಯ ತೊಡೆ ನಡುಗಲು ಶುರುವಾಯಿತು. ಅವಳು ಸ್ಟೂಲು ಬಿಡು ಅನ್ನಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂರಲಿ, ತಾನು ನಿಲ್ಲುತ್ತೇನೆ ಅನ್ನುವ ಹಟ ಅವಳಿಗೂ ಬಂದುಬಿಟ್ಟಿತ್ತು.

ಕೊನೆಗೆ ಗೋಂದಕ್ಕ ಎದ್ದಳು.

"ಕೂತ್ಕೋ," ಅಂದಳು ಬುಗುರಿಗೆ. ಆಮೇಲೆ ಮೇಸ್ತ್ರಮ್ಮನ ಮುಖವನ್ನು ನೇರವಾಗಿ ನೋಡಿ, "ನಾನಿನ್ನು ಗೋಂದು ಮುಟ್ಟಲ್ಲ," ಅಂದಳು. ಅನುಮತಿ ಕೇಳುವ ದನಿಯಲ್ಲ ಅದು. ಮೇಜಿನ ಆ ತುದಿಗೆ ನಡೆದು ಹೋದಳು. ಮೊದಲ ಗುಡ್ಡೆಯಿಂದ ಒಂದು ಫಾರಂ ಎತ್ತಿದಳು, ಅದರ ಕೆಳಗೆ ಎರಡನೆಯದು, ಮೂರನೆಯದು. ಕೈ ಮರೆತಿರಲಿಲ್ಲ. ಎಂಟರ ಅಂಚಿಗೆ ತನ್ನ ಹಳೆಯ ಗುರುತು ಎಳೆದು, ಮೂಲೆಗೆ ಬಂದು, ಆಗ ತಾನೇ ಕೂತ ಬುಗುರಿಯ ಮುಂದೆ ಹಿಡಿದಳು.

"ತಗೋ. ಬೇಗ ಬೇಗ ಆಗ್ಲಿ, ಗುರುವಾರಕ್ಕೆ ಬೇಕಂತೆ."